ಬೀಜ ತುಂಬಿದ ಟ್ರಂಕು

ಕೂಡ್ರುವುದೂ ಒಂದು ವಿದ್ಯೆ. ಅದು ನನಗೆ ಬಂದಿಲ್ಲ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನಿಗೆ ಬಾರದ ವಿದ್ಯೆಗಳು ಇನ್ನೂ ಬಹಳ ಇರಬಹುದು. ಅವುಗಳಿಗಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ನನ್ನ ಕೈಗೆ ಕಬ್ಬಿಣ ಕೊಡಿ, ಆಮೇಲೆ ಮಾತಾಡೋಣ. ಆದರೆ ಈ ಕೂಡ್ರುವ ವಿದ್ಯೆಯನ್ನು ಮಾತ್ರ ಈ ವಯಸ್ಸಿನಲ್ಲಿ ಕಲಿಯಲೇಬೇಕೆಂದು ಕಣ್ಣಿನ ಡಾಕ್ಟರು ಹಟ ಹಿಡಿದಿದ್ದಾರೆ.

ಬಲಗಣ್ಣಿನ ಪೊರೆ ತೆಗೆಸಿ ಮೂರು ವಾರವಾಯಿತು. ಬೆಂಕಿ ನೋಡಬಾರದು, ಧೂಳಿಗೆ ಹೋಗಬಾರದು, ಭಾರ ಎತ್ತಬಾರದು, ಬಗ್ಗಬಾರದು. ಇಷ್ಟೆಲ್ಲ ಬಿಟ್ಟರೆ ಲಕಮನಹಳ್ಳಿಯ ನನ್ನ ವರ್ಕಶಾಪಿನಲ್ಲಿ ಮಾಡಲು ಉಳಿಯುವ ಕೆಲಸ ಚಹಾ ಕುಡಿಯುವುದೊಂದೇ. ಅದಕ್ಕೂ ಮಗ ಬಿಡುತ್ತಿಲ್ಲ. ‘ಚಾ ಮನ್ಯಾಗೂ ಇರತೈತಲ್ಲಪಾ’ ಎನ್ನುತ್ತಾನೆ. ಓದಲು, ಬರೆಯಲು ಮಾತ್ರ ಅಡ್ಡಿಯಿಲ್ಲವಂತೆ. ಓದು ನಾನು ಬಿಟ್ಟದ್ದಲ್ಲ, ಅದು ನನ್ನನ್ನು ಬಿಟ್ಟದ್ದು, ಹಾಗಾಗಿ ಬರೆಯುತ್ತಿದ್ದೇನೆ. ನಡುನಡುವೆ ಎದ್ದು ಹೋದರೆ ನೀವು ಬೇಸರ ಮಾಡಿಕೊಳ್ಳಬಾರದು.

ಅದೂ ಎಂಥ ದಿನಗಳು ನೋಡಿ. ರೋಹಿಣಿ ಮಳೆ ಇವತ್ತೋ ನಾಳೆಯೋ ಅನ್ನುತ್ತಿದೆ. ನಾನು ಮಾಡುವುದು ಟ್ರ್ಯಾಕ್ಟರಿಗೆ ಕಟ್ಟಿ ಬಿತ್ತುವ ಕೂರಿಗೆ. ವರ್ಷವೆಲ್ಲ ರೈತನಿಗೆ ತನ್ನ ಕೂರಿಗೆ ಯಾವ ಮೂಲೆಯಲ್ಲಿ ಬಿದ್ದಿದೆ ಎಂಬ ನೆನಪೂ ಇರುವುದಿಲ್ಲ. ಕಲಘಟಗಿಯ ದಿಕ್ಕಿನಲ್ಲಿ ನಾಲ್ಕು ಮೋಡ ಕೂಡಿದವೋ, ಎಲ್ಲರೂ ಒಮ್ಮೆಲೇ ಅದನ್ನು ಹೇರಿಕೊಂಡು ಬರುತ್ತಾರೆ. ಒಂದರ ಹಲ್ಲು ಮುರಿದಿದೆ, ಇನ್ನೊಂದರ ಬೀಜದ ಕೊಳವೆಯಲ್ಲಿ ಇಲಿ ಸಂಸಾರ ಹೂಡಿದೆ. ಎಲ್ಲರದೂ ಒಂದೇ ಮಾತು: ‘ಈಗ ಬೇಕ್ರಿ.’ ಅಂಥ ದಿನಗಳಲ್ಲಿ ನಾನು ಮನೆಯ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಹಾದು ಹೋಗುವ ಟ್ರ್ಯಾಕ್ಟರುಗಳ ಸಪ್ಪಳದ ಮೇಲೆ ಯಾವುದರ ಕೂರಿಗೆ ಸಡಿಲಾಗಿದೆ ಎಂದು ಹೇಳುತ್ತ ಕೂತಿದ್ದೇನೆ. ಕೇಳುವವರು ಯಾರೂ ಇಲ್ಲ.

ಮೊನ್ನೆ ಬೆಳಿಗ್ಗೆ ತಡೆಯಲಿಲ್ಲ. ಯಾರೂ ನೋಡದ ಹೊತ್ತು ನೋಡಿ ಗೂಟದ ಮೇಲಿನ ನನ್ನ ಖಾಕಿ ಅಂಗಿಗೆ ಕೈ ಹಾಕಿದೆ. ಗೂಟ ಇತ್ತು, ಅಂಗಿ ಇರಲಿಲ್ಲ.

‘ನೀಲಾ, ನನ್ನ ಅಂಗಿ ಎಲ್ಲೈತಿ?’

‘ಟ್ರಂಕಿನ್ಯಾಗ ಐತ್ರಿ.’ ಅಡಿಗೆಮನೆಯೊಳಗಿಂದಲೇ ಹೆಂಡತಿಯ ಉತ್ತರ.

‘ಕೀಲಿ ಕೊಡು.’

‘ಕೊಡಾಕ ಬರಂಗಿಲ್ರಿ. ಒಳಗ ಬೀಜ ಇಟ್ಟೇನಿ. ಹೀರಿ, ಸೌತಿ, ಅವರಿ, ಎಲ್ಲಾ ಹಿತ್ತಲದಾಗ ಹಾಕೂವು. ಬಿತ್ತಾಕ ಎತ್ತಿಟ್ಟ ಬೀಜಾ ಹದಾ ಬೀಳೂತನಕ ತೆಗಿಯಂಗಿಲ್ಲ. ನಿಮ್ಮ ಆಯಿನ ಹೇಳಿಕೊಟ್ಟದ್ದು. ಮರತ್ರೇನು?’

ಅಜ್ಜಿಯ ಮಾತು ಮರೆಯುವುದು ಎಲ್ಲಿ ಬಂತು? ಹೋಗಿ ನೋಡಿದೆ. ಪಡಸಾಲೆಯ ಮೂಲೆಯ ಕರಿ ಟ್ರಂಕಿಗೆ ಬೀಗ ಬಿದ್ದಿತ್ತು. ಅದರ ಮೇಲೆ ಶಾವಿಗೆಯ ಡಬ್ಬಿ, ಅದರ ಮೇಲೆ ಹಪ್ಪಳದ ಬುಟ್ಟಿ, ಎಲ್ಲದರ ಮೇಲೆ ಉಪ್ಪಿನಕಾಯಿಯ ಭರಣಿ. ಆ ಟ್ರಂಕಿನ ಚಿಲಕ ನಾನೇ ಮಾಡಿ ಕೂಡಿಸಿದ್ದು. ಸುತ್ತಿಗೆಯ ಒಂದು ಪೆಟ್ಟಿನ ಕೆಲಸ. ಆದರೂ ಕೈ ಏಳಲಿಲ್ಲ. ಒಳಗೆ ಬೀಜ ಇದೆ ಅಂದಮೇಲೆ ಅದು ಟ್ರಂಕಲ್ಲ, ಬೇರೆ ಏನೋ. ಬಹಳ ವರ್ಷದ ಹಿಂದೆ ಇದೇ ಟ್ರಂಕಿನ ಮುಂದೆ, ಇದೇ ಮಾತು ಕೇಳಿಸಿಕೊಂಡು, ನನಗಿಂತ ಗಟ್ಟಿ ಮನುಷ್ಯನೊಬ್ಬ ಹೀಗೇ ಕೈ ಕಟ್ಟಿ ನಿಂತದ್ದನ್ನು ನಾನು ಕಂಡಿದ್ದೇನೆ.

ಆತ ನಮ್ಮ ಯಲ್ಲಪ್ಪ ಕಾಕಾ, ನನ್ನ ಅಪ್ಪನ ತಮ್ಮ. ಬಾಂಗ್ಲಾದ ಯುದ್ಧ ಮುಗಿದಮೇಲೆ ಮಿಲಿಟರಿಯ ನೌಕರಿ ಮುಗಿಸಿಕೊಂಡು, ಈ ಟ್ರಂಕನ್ನು ಹೆಗಲ ಮೇಲಿಟ್ಟು, ನಮ್ಮೂರಾದ ಮುಗದದ ಸ್ಟೇಷನ್ನಿನಿಂದ ಓಣಿಯತನಕ ನಡೆದು ಬಂದ. ಹಿಂದೆ ಅರ್ಧ ಊರು.

ಯುದ್ಧ ಅಂದರೆ ನಮ್ಮೂರಿಗೆ ಅಷ್ಟುದಿನ ಚಿಮಣಿ ಎಣ್ಣೆ ಸಿಗದ ಕಾಲ, ಅಷ್ಟೇ. ಚಾವಡಿಯ ರೇಡಿಯೋದ ಸುತ್ತ ಕೂತ ಗಂಡಸರು ಎತ್ತಿಗೆ ನೀರು ಕುಡಿಸುವುದನ್ನು ಮರೆತು ಹೆಂಗಸರಿಂದ ಬೈಸಿಕೊಂಡ ಕಾಲ. ಅಂಥ ಊರಿಗೆ ಯುದ್ಧ ಕಂಡವನೇ ಬಂದಮೇಲೆ ಬಿಡುತ್ತಾರೆಯೆ? ಕಟ್ಟೆಯ ಮೇಲೆ ಕೂಡಿಸಿ ಕೇಳಿದರು.

‘ಎಷ್ಟು ಮಂದೀನ ಹೊಡದಿ ಯಲ್ಲಪ್ಪಾ?’

‘ಒಂದು ನಾಯಿ. ಗಾಡಿಗೆ ಅಡ್ಡ ಬಂತು. ಅದೂ ಸಾಯಲಿಲ್ಲ.’

‘ಮತ್ತ ಅಷ್ಟುದಿನಾ ಅಲ್ಲೆ ಏನ್ ಮಾಡಿದಿ?’

‘ಲಾರಿ ಹೊಡದೆ. ಬಟಾಟಿ ಒಯ್ದು ಹಾಕಿದೆ.’

ಊರು ನಿರಾಶೆಯಿಂದ ಎದ್ದು ಹೋಯಿತು. ನಮ್ಮ ಕೂರಿಗೆ, ನೇಗಿಲುಗಳಿಗೆ ಕಬ್ಬಿಣ ಬಡಿದು ಕೊಡುತ್ತಿದ್ದ ಹುಸೇನಸಾಬ ಮಾತ್ರ ಬಿಡಲಿಲ್ಲ. ‘ಬಟಾಟಿ ತಿಂದ ಮ್ಯಾಲೇ ಅವರು ಗೆದ್ದದ್ದು. ಅಂದ್ರ ನೀನ ಗೆಲ್ಲಿಸಿದಿ ಬಿಡಪಾ!’ ಎಂದು ನಗಿಸಿದ. ಅಂದಿನಿಂದ ಕಾಕಾನಿಗೂ ಹುಸೇನಸಾಬನಿಗೂ ಗೆಳೆತನದ ಗಂಟು ಬಿತ್ತು.

ಆದರೆ ಕಾಕಾನ ಒಳಗೆ ಏನೋ ನಿಂತಿರಲಿಲ್ಲ. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕೂತಲ್ಲಿ ಕೂಡುತ್ತಿರಲಿಲ್ಲ. ಊಟಕ್ಕೂ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಯಾರೋ ಕರೆಯಲಿದ್ದಾರೆ ಅನ್ನುವಂತೆ ಹೊರಗೆ ನೋಡುತ್ತ ನಾಲ್ಕೇ ತುತ್ತಿಗೆ ರೊಟ್ಟಿ ಮುಗಿಸುತ್ತಿದ್ದ. ಕೋಳಿ ಕೂಗುವ ಮೊದಲೇ ಎದ್ದು ಕಂಬಳಿಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಚಿಟ್ಟು ಹೊಲದ ಬದುವಿನ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು. ಒಮ್ಮೆ ಗೊಬ್ಬರದ ಬಂಡಿ ಖಾಲಿ ಮಾಡಿ ಹೊಲದಿಂದ ಬರುತ್ತಿದ್ದೆವು. ಎತ್ತುಗಳು ಹಗುರಾಗಿ ಓಡುತ್ತಿದ್ದವು. ಕಾಕಾ ಹಿಂದೆ ತಿರುಗಿ ಖಾಲಿ ಬಂಡಿಯನ್ನು ನೋಡಿ, ‘ಅಲ್ಲೆ ಬರೂಮುಂದ ಗಾಡಿ ಖಾಲಿ ಇರತಿರಲಿಲ್ಲ’ ಎಂದ. ಬಟಾಟಿ ಹಾಕಿ ಬರುವಾಗ ಏನು ಹೇರಿಕೊಂಡು ಬರುತ್ತಿದ್ದ ಎಂದು ನಾನು ಕೇಳಲಿಲ್ಲ. ಆತ ಹೇಳಲೂ ಇಲ್ಲ.

ಟ್ರಂಕನ್ನಂತೂ ಆತ ಖಾಲಿ ಮಾಡಲೇ ಇಲ್ಲ. ಬಾಗಿಲ ಪಕ್ಕಕ್ಕೆ ಇಟ್ಟದ್ದು ಅಲ್ಲೇ ಇತ್ತು. ಬೇಕಾದಾಗ ಒಂದು ಅಂಗಿ ತೆಗೆಯುವುದು, ಒಗೆದದ್ದನ್ನು ಮತ್ತೆ ಒಳಗಿಟ್ಟು ಬೀಗ ಹಾಕುವುದು. ಪುಣೆಯಲ್ಲಿ ಜೊತೆಗಾರನೊಬ್ಬ ಲಾರಿಯ ಕೆಲಸ ಹಚ್ಚಿಕೊಡುತ್ತೇನೆಂದಿದ್ದನಂತೆ. ದಿನ ಬೆಳಗಾದರೆ ಒಂದೇ ಮಾತು.

‘ಯವ್ವಾ, ನಾ ನಾಳೆ ಪುಣೆಕ್ಕ ಹೊಕ್ಕೇನಿಬೇ.’

‘ಹೋಗಪಾ, ಯಾರು ಹಿಡದಾರ? ರೊಟ್ಟಿ ತಿಂದು ಹೋಗು,’ ಎನ್ನುತ್ತಿದ್ದಳು ಆಯಿ. ಆಯಿ ಅಂದರೆ ಆತನ ತಾಯಿ, ನನಗೆ ಅಜ್ಜಿ. ಹೀಗೆ ಹೇಳಿದವಳ ಕಣ್ಣು ಮಾತ್ರ ಟ್ರಂಕಿನ ಮೇಲೆಯೇ.

ಇನ್ನೊಬ್ಬನ ಕಣ್ಣೂ ಅದರ ಮೇಲೆ ಇತ್ತು. ನನ್ನದು.

ಅದಕ್ಕೆ ಕಾರಣ ಹೇಳಬೇಕು. ಅವ್ವ ಮೊದಲೇ ಇರಲಿಲ್ಲ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪನೂ ತೀರಿಕೊಂಡ. ಪಾಟಿಚೀಲ ಗೂಟಕ್ಕೆ ಹಾಕಿ ಬಾರಕೋಲು ಹಿಡಿದೆ. ದುಡಿತಕ್ಕೆ ಹೆದರಿದವನಲ್ಲ. ಓಣಿಯ ದೊಡ್ಡ ಗಂಡಸರ ಸಮಕ್ಕೆ ಸಮ ಉತ್ತಿದ್ದೇನೆ. ಆದರೆ ಹೊಲದಿಂದ ಬರುವಾಗ ನನ್ನ ಕಾಲುಗಳು ಮನೆಯ ಕಡೆ ತಿರುಗುವ ಬದಲು ಹುಸೇನಸಾಬನ ಕುಲುಮೆಯ ಕಡೆ ತಿರುಗುತ್ತಿದ್ದವು. ಆತನ ಹೆಂಡತಿಯ ಅಣ್ಣ ಲಕಮನಹಳ್ಳಿಯಲ್ಲಿ ಆಗಷ್ಟೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಒಮ್ಮೆ ಅಲ್ಲಿ ಎರಡು ಕಬ್ಬಿಣದ ತುಂಡು ನೀಲಿ ಬೆಳಕಿನೊಳಗೆ ಒಂದಾಗುವುದನ್ನು ಬರಿಗಣ್ಣಿನಿಂದ ನೋಡಿಬಿಟ್ಟೆ. ಇಡೀ ದಿನ ಕಣ್ಣಲ್ಲಿ ಉಸುಕು ತುಂಬಿದಂತೆ ನೀರು ಸುರಿಯಿತು. ಮರುದಿನದಿಂದ ನನಗೆ ಬೇರೆ ಏನೂ ಬೇಡವಾಯಿತು. ‘ಯಾವತ್ತರ ಬಾ, ಜಾಗಾ ಐತಿ’ ಎಂದು ಅಂಗಡಿಯವ ಹೇಳಿ ಕಳಿಸಿದ್ದ.

ಹೋಗುವುದು ಹೇಗೆ? ಮನೆಯಲ್ಲಿ ಒಂದು ಜೋಡಿ ಎತ್ತು, ನಾಲ್ಕೆಕರೆ ಭತ್ತದ ಹೊಲ, ಆಯಿ. ಒಬ್ಬ ಗಂಡಸು ಇರಲೇಬೇಕು. ಕಾಕಾ ಉಳಿದರೆ ನಾನು ಹೋಗಬಹುದು. ಕಾಕಾ ಹೋದರೆ ನನ್ನ ಕಥೆ ಮುಗಿಯಿತು. ಇಬ್ಬರೂ ಬಾಯಿಬಿಟ್ಟು ಇದನ್ನು ಆಡಲಿಲ್ಲ. ಆದರೆ ಬೆಳಿಗ್ಗೆ ಎದ್ದವನೇ ನಾನು ಟ್ರಂಕು ಇದೆಯೇ ಎಂದು ನೋಡುತ್ತಿದ್ದೆ. ಕಾಕಾ ನನ್ನ ಸೈಕಲ್ಲು ಇದೆಯೇ ಎಂದು ನೋಡುತ್ತಿದ್ದ. ನೋಡಿ, ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತಿದ್ದೆವು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಒಂದು ನಿಮಿಷ. ಟ್ರ್ಯಾಕ್ಟರೊಂದು ಹೋಯಿತು, ನೋಡಿ ಬಂದೆ. ಎಡಗಡೆಯ ಎರಡನೆಯ ಹಲ್ಲು ಸಡಿಲು. ಬಿಡಿ, ಬಿತ್ತುವಾಗ ತಿಳಿಯುತ್ತದೆ ಅವನಿಗೆ.

ಆ ಬೇಸಿಗೆಯಲ್ಲಿ ಆಯಿಯ ಬೀಜದ ಗಡಿಗೆ ಒಡೆಯಿತು. ಮುಗದ ಅಂದರೆ ಗಡಿಗೆಗೆ ಹೆಸರಾದ ಊರು. ಕುಂಬಾರರ ಓಣಿಯಲ್ಲಿ ಹೊಸದೊಂದನ್ನು ತರಲು ಎಷ್ಟು ಹೊತ್ತು? ತರಲಿಲ್ಲ. ಕಾಕಾ ಸಂತೆಗೆ ಹೋದ ದಿನ ಕಾದಳು. ಆತ ಅವಸರದಲ್ಲಿ ಬೇರೆ ಅಂಗಿ ತೊಟ್ಟುಹೋಗಿದ್ದ, ಕೀಲಿ ಹಳೆಯ ಅಂಗಿಯ ಕಿಸೆಯಲ್ಲಿತ್ತು. ಟ್ರಂಕು ತೆಗೆದಳು. ಖಾಕಿ ಬಟ್ಟೆ, ಉಣ್ಣೆಯ ದಪ್ಪ ಕೋಟು ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದಳು. ತಳದಲ್ಲಿ ಹಾಸಿದ ಕಾಗದದ ಕೆಳಗೆ ಬೆಳ್ಳಗೆ ಡಾಂಬರ ಗುಳಿಗೆಗಳು.

‘ಇವೇನ ಫಕೀರ್ಯಾ?’

‘ಅರಬಿಗೆ ಹುಳಾ ಹತ್ತಬಾರದಂತ ಇಡತಾರ ಆಯಿ.’

‘ಹುಳಾ ಹತ್ತಂಗಿಲ್ಲ ಅಂದ್ರ ಛಲೋನ ಆತು. ಇರಲಿ ಬಿಡು.’

ಅದರ ಮೇಲೆಯೇ ಬೇವಿನ ಎಲೆ, ಬೂದಿ, ಬೀಜದ ಭತ್ತ. ಬಿಸಿಲಿಗೆ ಇನ್ನೂ ಎರಡು ದಿನ ಒಣಗಬೇಕಿದ್ದ ಭತ್ತ. ಆಕೆಗೆ ಕಾಯುವಷ್ಟು ಹೊತ್ತಿರಲಿಲ್ಲ. ಮುಚ್ಚಿ, ಅರಿಷಿಣ ಕುಂಕುಮ ಹಚ್ಚಿ, ಬೀಗ ಹಾಕಿ ಕೀಲಿಯನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಕಾಕಾ ಬಂದ. ಅರಿಷಿಣದ ಟ್ರಂಕು ನೋಡಿ ಬಾಗಿಲಲ್ಲೇ ನಿಂತ.

‘ಯವ್ವಾ, ಇದೇನ್ಬೇ?’

‘ಬೀಜಪ್ಪಾ. ಗಡಿಗಿ ಒಡೀತು. ಇಲಿ ಕಾಟ. ಎಲ್ಲಿ ಇಡ್ಲಿ?’

‘ನಾ ನಾಳೆ ಹೋಗಾವದೇನಿ!’

‘ಹೋಗು. ಟ್ರಂಕು ಮಾತ್ರ ಬರಂಗಿಲ್ಲ. ಕೂರಿಗಿ ಪೂಜಿ ಆಗೂತನಕ ಬೀಜಾ ತೆಗದ್ರ ಭೂಮಿ ಮುನಿತೈತಿ. ನಿಮ್ಮಪ್ಪನ ಕಾಲದಾಗೂ ತೆಗದಿಲ್ಲ, ನಿಮ್ಮಜ್ಜನ ಕಾಲದಾಗೂ ತೆಗದಿಲ್ಲ. ನೀ ತೆಗಿಯಾವೇನು? ತೆಗಿ.’

ಸೆರಗಿನ ಕೀಲಿ ಬಿಚ್ಚಿ ಆತನ ಮುಂದೆ ನೆಲಕ್ಕಿಟ್ಟಳು. ಕಾಕಾ ಕೈ ಕಟ್ಟಿ ನಿಂತ. ಗುಂಡಿನ ಸಪ್ಪಳದ ನಡುವೆ ಲಾರಿ ಓಡಿಸಿ ಬಂದವ, ಬೀಜದ ಬೀಗಕ್ಕೆ ಕೈ ಹಚ್ಚಲಿಲ್ಲ. ಆಯಿ ಕೀಲಿ ಎತ್ತಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು. ನಾನು ಹೊರಗೆ ಹೋಗಿ ಸೈಕಲ್ಲು ಒರೆಸಿದೆ. ಮಳೆ ಬರುವತನಕ ಅಂತೂ ಕಾಕಾ ಎಲ್ಲಿಗೂ ಹೋಗುವುದಿಲ್ಲ!

ಆಯಿಯ ಉಪಾಯ ಓಣಿಗೆ ಹಬ್ಬಿತು. ಇಲಿಗಳು ಎಲ್ಲರ ಮನೆಯಲ್ಲೂ ಇದ್ದವು. ‘ಯಮ್ಮಾ, ನಂದೊಂದಿಷ್ಟು ಬೀಜಾ ನಿಮ್ಮ ಮಿಲಿಟ್ರಿ ಪೆಟ್ಟಿಗ್ಯಾಗ ಇಡ್ರಿ’ ಎಂದು ಒಬ್ಬಳ ಹಿಂದೆ ಒಬ್ಬಳು ಬಂದಳು. ತುಂಬುವುದಕ್ಕೆ ತೆಗೆದರೆ ದೋಷವಿಲ್ಲ, ಹೊರತೆಗೆದರೆ ಮಾತ್ರ ದೋಷ ಎಂದು ಆಯಿಯೇ ತೀರ್ಮಾನ ಕೊಟ್ಟಳು. ಕಾಕಾ ಮೊದಲು ಗೊಣಗಿದ. ಆಮೇಲೆ ಆತನಿಗೆ ಅದೂ ಒಂದು ಡ್ಯೂಟಿಯಾಯಿತು. ಪ್ರತಿ ಮನೆಯ ಅರಿವೆಯ ಗಂಟಿಗೆ ಬೇರೆ ಬೇರೆ ಥರದ ಕುಣಿಕೆ ಹಾಕಿ, ಗಂಟು ಮುಟ್ಟಿಯೇ ಇದು ಯಾರ ಮನೆಯದು ಎಂದು ಹೇಳುತ್ತಿದ್ದ. ಹೆಂಗಸರು ಬೇಕೆಂದೇ ಬಂದು ಕೇಳುತ್ತಿದ್ದರು, ‘ನಮ್ಮ ಬೀಜಾ ಆರಾಮ ಅದಾವೇನೋ ಯಲ್ಲಪ್ಪಣ್ಣಾ?’ ಆತ ಸೆಟೆದು ನಿಂತು, ‘ಆರಾಮ ಅದಾವ್ರಿ’ ಎನ್ನುತ್ತಿದ್ದ. ಬದುವಿನ ಮೇಲಿನ ಸುತ್ತುಗಳು ಒಂದೆರಡು ಕಡಿಮೆಯಾದವು.

ರೋಹಿಣಿ ಮಳೆ ಸುರಿಯಿತು. ಹದ ಬಿತ್ತು. ಕೂರಿಗೆಗೆ ಪೂಜೆಯಾಯಿತು. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡಿತ್ತು. ಆಯಿ ಕೀಲಿ ತಿರುವಿ ಮುಚ್ಚಳ ಎತ್ತಿದಳು.

ಬಿಸಿ ಉಸಿರಿನಂತೆ ಏನೋ ಹೊರಗೆ ಬಂತು. ಡಾಂಬರಿನ ಘಾಟು, ಅದರ ಕೆಳಗೆ ಮುಗ್ಗಿದ ವಾಸನೆ. ಹುಸೇನಸಾಬ ಒಂದು ಹಿಡಿ ಭತ್ತ ಎತ್ತಿ ಮೂಸಿದ.

‘ಇದು ಭತ್ತೋ, ದವಾಖಾನಿಯೋ?’

ಬಾಗಿಲ ಪಕ್ಕದ ಬಿಸಿಲು ಇಡೀ ಬೇಸಿಗೆ ಆ ತಗಡನ್ನು ಕಾಯಿಸಿತ್ತು. ಅರೆ ಒಣಗಿದ ಬೀಜ ಒಳಗೇ ಬೆವತು ಬೆವತು ಕೆಟ್ಟಿತ್ತು. ಬೇರೆ ವರ್ಷವಾದರೆ ಆಯಿ ಒಂದು ಮುಷ್ಟಿ ಬೀಜವನ್ನು ಒದ್ದೆ ಅರಿವೆಯಲ್ಲಿ ಕಟ್ಟಿಟ್ಟು ಮೊಳಕೆ ನೋಡುತ್ತಿದ್ದಳು. ಆಕೆಗೆ ಯಾವ ಶಾಸ್ತ್ರವೂ ಅಡ್ಡ ಬರುತ್ತಿರಲಿಲ್ಲ. ಈ ವರ್ಷ ಮಗನ ಕೈ ಕಟ್ಟಲು ತಾನೇ ಎತ್ತಿ ಹೇಳಿದ ಶಾಸ್ತ್ರ, ತನ್ನ ಕೈಯನ್ನೂ ಕಟ್ಟಿತ್ತು.

ಆದರೂ ಬಿತ್ತಿದೆವು. ಹದ ಯಾರಿಗೂ ಕಾಯುವುದಿಲ್ಲವಲ್ಲ. ಕಾಕಾ ಕೂರಿಗೆ ಹೊಡೆದ, ಆಯಿ ಬೀಜ ಬಿಟ್ಟಳು, ನಾನು ಹಿಂದೆ ಕುಂಟೆ ಹೊಡೆದೆ. ಕಾಕಾನ ಸಾಲು ದಾರ ಹಿಡಿದಂತೆ ನೆಟ್ಟಗೆ. ‘ಕಾಲು ನೋಡಬ್ಯಾಡಲೇ, ದೂರಿನ ಮರಾ ನೋಡು. ಕಾಲು ನೋಡಿದಾವ ಸೊಟ್ಟ ಹೊಕ್ಕಾನ’ ಎಂದು ಅಂದೇ ನನಗೆ ಹೇಳಿಕೊಟ್ಟದ್ದು. ಅಷ್ಟು ನೆಟ್ಟನೆಯ ಸಾಲುಗಳಲ್ಲಿ ಒಂದು ವಾರ ಕಳೆದರೂ ಏನೂ ಏಳಲಿಲ್ಲ. ಬೋಳು ತಲೆಯ ಮೇಲಿನ ಕೂದಲಿನಂತೆ ಅಲ್ಲೊಂದು ಇಲ್ಲೊಂದು ಎಳೆ. ಓಣಿಯ ಎಲ್ಲರ ಹೊಲದಲ್ಲೂ ಟ್ರಂಕಿನ ಬೀಜ ಬಿದ್ದ ಸಾಲುಗಳು ಹಾಗೇ.

ಓಣಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಗಸರು ನಮ್ಮ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದರು. ಹುಸೇನಸಾಬ ಒಬ್ಬನೇ ಬಂದು ಕಟ್ಟೆಗೆ ಕೂತು, ‘ಗಡಿಗಿ ಮಾಡೂ ಊರಾಗ ಹುಟ್ಟಿ, ತಗಡಿನ್ಯಾಗ ಬೀಜಾ ಇಟ್ಟವರು ನೀವೊಬ್ಬರ ನೋಡ್ರಿ ಯಮ್ಮಾ’ ಎಂದ. ಆಯಿ, ‘ಖರೇ ಐತಪಾ’ ಎಂದಳು. ಆಕೆ ಯಾರ ಮಾತಿಗಾದರೂ ಖರೇ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕು ಇರಲಿಲ್ಲ. ಅಟ್ಟದ ಮೇಲಿನ ಗಂಟಿನಲ್ಲಿ ಉಣ್ಣೆಯ ಕೋಟೂ ಇರಲಿಲ್ಲ. ಕಾಕಾನೂ ಇರಲಿಲ್ಲ. ಬಾಗಿಲ ಪಕ್ಕದ ನೆಲದಲ್ಲಿ ಟ್ರಂಕಿನಷ್ಟೇ ಅಗಲದ, ಸಾರಿಸದ ಒಂದು ಚೌಕ.

ಆಯಿ ಆ ಚೌಕದ ಪಕ್ಕಕ್ಕೆ ಕೂತಳು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಗೆದ್ದುಬಿಟ್ಟ! ನೆಲ ಬೋಳು ಮಾಡಿಟ್ಟು, ಎತ್ತು ನನ್ನ ಕೊರಳಿಗೆ ಕಟ್ಟಿ ಪುಣೆಗೆ ಹೋಗಿಬಿಟ್ಟ! ಎತ್ತು ಬಿಚ್ಚಿಕೊಂಡು ಹೊಲಕ್ಕೆ ಹೋದೆ. ಮಾಡಲು ಏನೂ ಕೆಲಸವಿರಲಿಲ್ಲ. ಸುಮ್ಮನೆ ಬದುವಿನ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು. ಕಾಕಾನ ಕಾಲಿನ ಹಾದಿ ಅಲ್ಲಿ ಆಗಲೇ ಬಿದ್ದಿತ್ತು, ಅದರೊಳಗೇ ನಡೆದೆ.

‘ಪುಣೆಕ್ಕ ಹೋದನಾ ಆಯಿ?’ ಸಂಜೆ ಕೇಳಿದೆ.

‘ಹೋಗಲಿ,’ ಎಂದಳು. ‘ಟ್ರಂಕು ಖಾಲಿ ಆಗಿತ್ತಲ್ಲ, ಇನ್ನ ಯಾಕ ಇರತಾನ?’

ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನ ಇಳಿಹೊತ್ತಿಗೆ ಹಳಿಯಾಳದ ಕಡೆಯ ಒಂದು ಕಟ್ಟಿಗೆ ಲಾರಿ ಊರ ಮುಂದೆ ನಿಂತಿತು. ನಿಂತದ್ದಷ್ಟೇ ಅಲ್ಲ, ನಮ್ಮ ಓಣಿಯತನಕ ಹಾರ್ನ್ ಹೊಡೆಯುತ್ತಲೇ ಬಂತು. ಹೊಡೆಯುತ್ತಿದ್ದವ ಕಾಕಾ, ಡ್ರೈವರನನ್ನು ಪಕ್ಕಕ್ಕೆ ಕೂಡಿಸಿ ತಾನೇ ಸ್ಟೇರಿಂಗ್ ಹಿಡಿದಿದ್ದ. ಹಿಂದೆ ಕಟ್ಟಿಗೆಯ ಮೇಲೆ ಹಗ್ಗದಿಂದ ಬಿಗಿದ ಕರಿ ಟ್ರಂಕು.

ಮೂವರು ಹಿಡಿದು ಇಳಿಸಬೇಕಾಯಿತು. ಪಡಸಾಲೆಯಲ್ಲಿ, ಅದೇ ಚೌಕದ ಮೇಲೆ ಇಟ್ಟು ಮುಚ್ಚಳ ತೆಗೆದ. ಬಾಯಿತನಕ ಭತ್ತ, ಸಣ್ಣ, ಕೆಂಪು ಬಣ್ಣದ್ದು, ನಾವ್ಯಾರೂ ಕಂಡಿರದ ತಳಿ. ಮಿಲಿಟರಿಯ ಜೊತೆಗಾರನೊಬ್ಬನ ಊರು ಹಳಿಯಾಳದ ಆಚೆಯ ಕಾಡಂಚಿನಲ್ಲಿತ್ತು. ಅಲ್ಲಿಗೆ ಹೋಗಿ ಉಣ್ಣೆಯ ಕೋಟು, ಬೂಟು, ಕಂಬಳಿ ಎಲ್ಲ ಕೊಟ್ಟು ಬೀಜ ತಂದಿದ್ದ.

‘ಬರೂಮುಂದ ಗಾಡಿ ಖಾಲಿ ಇರಬಾರದು,’ ಎಂದ, ಯಾರನ್ನೂ ನೋಡದೆ.

ಆಯಿ ಎದ್ದು ಬಂದಳು. ಮುಷ್ಟಿ ಭತ್ತ ಎತ್ತಿ ಮೂಸಿದಳು, ಒಂದು ಕಾಳು ಹಲ್ಲಿನ ನಡುವೆ ಕಡಿದಳು. ‘ಡಾಂಬರ ಗುಳಿಗಿ?’

‘ಹೊರಗ ಒಗದೇನಿಬೇ.’

‘ಹಂಗಾರ ಕುಂದರು. ರೊಟ್ಟಿ ತಿನ್ನು.’

ಓಣಿಗೆಲ್ಲ ಬೊಗಸೆ ಬೊಗಸೆ ಹಂಚಿದರು. ಯಾರ ಮನೆಗೆ ಎಷ್ಟು ಎಂದು ಕಾಕಾನ ಕೈಗೆ ಗೊತ್ತಿತ್ತು. ಅವರವರ ಗಂಟು ಆತ ಕಟ್ಟಿದ್ದೇ ಅಲ್ಲವೇ? ಮತ್ತೆ ಬಿತ್ತಿದೆವು. ಈ ಸಲ ಎದ್ದಿತು. ಅನ್ನ ಕೆಂಪಗೆ, ದಪ್ಪಗೆ, ಗಂಟಲಲ್ಲಿ ನಿಂತು ಯೋಚನೆ ಮಾಡಿ ಇಳಿಯುವಂಥದ್ದು. ಓಣಿಯವರು ಅದಕ್ಕೆ ಮಿಲಿಟ್ರಿ ಭತ್ತ ಎಂದೇ ಹೆಸರಿಟ್ಟರು. ಬೈಯುತ್ತ ಬೈಯುತ್ತ ವರ್ಷಗಟ್ಟಲೆ ಬೆಳೆದರು.

ಕಾಕಾ ಪುಣೆಯ ಹೆಸರು ಮತ್ತೆ ತೆಗೆಯಲಿಲ್ಲ. ಯಾಕೆಂದು ನಾನು ಕೇಳಿಲ್ಲ. ಬದುವಿನ ಸುತ್ತು ಬಿಡಲಿಲ್ಲ, ಅದು ಕೊನೆಯತನಕ ಇತ್ತು. ಕುಕ್ಕರುಗಾಲಲ್ಲೇ ಉಂಡ. ಆದರೆ ಸುತ್ತಿ ಸುತ್ತಿ ಮನೆಗೇ ಬರುತ್ತಿದ್ದ. ಮೊದಲನೆಯ ಸಲ ಕಳೆ ತೆಗೆದು ಮುಗಿದ ಮರುದಿನ ನಾನು ಎದ್ದು ನೋಡಿದರೆ ನನ್ನ ಸೈಕಲ್ಲಿನ ಕ್ಯಾರಿಯರಿಗೆ ಟ್ರಂಕು ಬಿಗಿದಿತ್ತು. ಒಳಗೆ ನನ್ನ ಎರಡು ಅಂಗಿ, ಒಂದು ಧೋತರ, ಆಯಿ ಕಟ್ಟಿದ ರೊಟ್ಟಿಯ ಗಂಟು.

‘ಹುಸೇನಣ್ಣ ಹೇಳ್ಯಾನ. ನಡಿ, ಲಕಮನಹಳ್ಳಿಗೆ ಹೋಗು,’ ಎಂದ ಕಾಕಾ.

‘ಟ್ರಂಕು ನಿಂದಲ್ಲ ಕಾಕಾ?’

‘ಲಗೂನ ಒಯ್ಯಲೇ! ಖಾಲಿ ಇಟ್ರ ನಿಮ್ಮಾಯಿ ಮತ್ತ ಏನರ ತುಂಬತಾಳ.’

ಒಳಗಿನಿಂದ ಆಯಿ, ‘ಕೇಳಸಾಕತ್ತೈತಿ ನನಗ’ ಎಂದಳು.

ಹಾಗೆ ಬಂದವ ನಾನು. ಅಂದಿನಿಂದ ಇಂದಿನತನಕ ನಿಂತಿಲ್ಲ. ಬೇರೆಯವರ ಅಂಗಡಿಯಲ್ಲಿ ದುಡಿದೆ, ಸ್ವಂತದ್ದು ಮಾಡಿದೆ. ನನ್ನ ಕೂರಿಗೆ ಬಿತ್ತಿದ ಸಾಲು ಇವತ್ತಿಗೂ ನವಲಗುಂದದಿಂದ ಕಲಘಟಗಿಯತನಕ ನೆಟ್ಟಗೆ ಹೋಗುತ್ತದೆ; ಬೇಕಾದರೆ ಹೋಗಿ ನೋಡಿ. ಆಯಿ ನಮ್ಮಲ್ಲಿಗೆ ಬಂದಾಗಲೆಲ್ಲ ಈ ಟ್ರಂಕಿನ ಕಥೆಯನ್ನು ನೀಲಾಳಿಗೆ ಹೇಳುತ್ತಿದ್ದಳು. ಮೊಮ್ಮಗನ ಹೆಂಡತಿಗೆ ಮನೆತನದ ಕಥೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಈಗ ತಿಳಿಯಿತು, ಪಾಠ ಹೇಳುತ್ತಿದ್ದಳು.

ಇಷ್ಟು ಬರೆಯುವುದರೊಳಗೆ ಹೊರಗೆ ಬೆಳಕು ಮಬ್ಬಾಯಿತು. ಮಾಡಿನ ತಗಡಿನ ಮೇಲೆ ಒಂದು ಹನಿ. ಆಮೇಲೆ ಯಾರೋ ಬುಟ್ಟಿ ಕಡಲೆ ಸುರಿದಂತೆ.

‘ನೀಲಾ! ಮಳಿ ಬಂತು! ಬೀಜಾ ತೆಗಿ!’

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಶಾಸ್ತ್ರ ಶಾಸ್ತ್ರವೇ, ಅಡ್ಡ ಮಾತಾಡುವ ಹಾಗಿಲ್ಲ. ಉಪ್ಪಿನಕಾಯಿ ಇಳಿಸಿದಳು, ಹಪ್ಪಳ ಇಳಿಸಿದಳು, ಶಾವಿಗೆ ಇಳಿಸಿದಳು. ಬೀಗ ತೆಗೆದು ಮುಚ್ಚಳ ಎತ್ತಿದಳು. 

ಮೇಲೆಯೇ ನನ್ನ ಖಾಕಿ ಅಂಗಿ. ಅವಳು ಅದನ್ನು ಎತ್ತಿ, ಕೆಳಗಿದ್ದ ಸಣ್ಣ ಗಡಿಗೆಯೊಂದನ್ನು ತೆಗೆದು ನನ್ನ ಕೈಗಿಟ್ಟು, ಅಂಗಿಯನ್ನು ಮತ್ತೆ ಒಳಗಿಟ್ಟು ಬೀಗ ಹಾಕಿದಳು. ಗಡಿಗೆಯೊಳಗೆ ಬೀಜ. ಟ್ರಂಕಿನೊಳಗೆ ಗಡಿಗೆ. ಆಯಿಯ ತಪ್ಪನ್ನೂ ತಿದ್ದಿಕೊಂಡಿದ್ದಾಳೆ ಈಕೆ.

‘ಅಂಗಿ?’

‘ಅಂಗಿ ಬಿತ್ತಾಕ ಬರತೈತೇನ್ರಿ?’

ಮಳೆ ನಿಂತಮೇಲೆ ಹಿತ್ತಲಕ್ಕೆ ಹೋದೆ. ಅಳತೆಯಲ್ಲಿ ನಾಲ್ಕು ಹೆಜ್ಜೆಯ ನೆಲ. ಬೆರಳು ಊರಿದರೆ ಬೆರಳೇ ಒಳಗೆ ಹೋಗುವಷ್ಟು ಹದ. ಬಗ್ಗಲು ಹೋದೆ, ಬಾಗಿಲಿನಿಂದ ಕೂಗಿದಳು, ‘ಬಗ್ಗಬ್ಯಾಡ್ರೀ! ಡಾಕ್ಟರ್ ಏನ್ ಹೇಳ್ಯಾರ? ಕುಂತು ಹಾಕ್ರಿ!’

ಒಳಗೆ ಫೋನು ರಿಂಗಾಯಿತು. ಅಂಗಡಿಯದೇ ಇರಬೇಕು. ಅವಳು ಎತ್ತಿ, ‘ಇಲ್ಲಪಾ, ನಿಮ್ಮಪ್ಪ ಬಿತ್ತಾಕ ಹೋಗ್ಯಾರ’ ಎನ್ನುವುದು ಕೇಳಿಸಿತು.

ಕೂತೆ. ಒದ್ದೆ ನೆಲ ಧೋತರದೊಳಗಿಂದ ತಣ್ಣಗೆ ತಾಗಿತು. ಹೊಸ ಕಣ್ಣಿನಿಂದ ಗೋಡೆಯಾಚೆಯ ಬೇವಿನ ಮರವನ್ನು ನೋಡಿದೆ. ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕಾಲು ನೋಡದೆ, ಆ ಮರವನ್ನೇ ನೋಡುತ್ತ, ಕೂತಲ್ಲೇ ಸರಿಯುತ್ತ ಅವರೆಯ ಬೀಜಗಳನ್ನು ಒಂದೊಂದಾಗಿ ಊರುತ್ತ ಹೋದೆ. ಸಾಲು ಗೋಡೆಗೆ ಬಂದು ಮುಟ್ಟಿತು. ತಿರುಗಿ ನೋಡಿದೆ, ನೆಟ್ಟಗಿತ್ತು.

ಸಾಲು ಮುಗಿದರೂ ನಾನು ಏಳಲಿಲ್ಲ.